ಭಾನುವಾರದ ಹೊಟ್ಟೆನೋವು

ಲಿಮಾದ ಆ ಸರ್ಕಾರಿ ಆಸ್ಪತ್ರೆಯ ನರ್ಸುಗಳಿಗೆ ಹೊಟ್ಟೆನೋವು ಬರುತ್ತಿದ್ದದ್ದು ಭಾನುವಾರ ಮಾತ್ರ. ವಾರವಿಡೀ ಕಲ್ಲು ತಿಂದು ಕರಗಿಸುವ ಹುಡುಗಿಯರು ಭಾನುವಾರ ಬೆಳಗಾಯಿತೆಂದರೆ ಫೋನಿನಲ್ಲಿ ನರಳುತ್ತಿದ್ದರು. ಹಿರಿಯ ಸಿಸ್ಟರ್ ಎಡೆಲ್ಮಿರಾ ಪೌಕರ್ ಇಪ್ಪತ್ತಾರು ವರ್ಷಗಳಲ್ಲಿ ಎಲ್ಲ ಬಗೆಯ ನರಳಾಟ ಕೇಳಿದವಳು. ಯಾವುದು ನಿಜ, ಯಾವುದು ಕಳ್ಳ ನರಳಾಟ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಸ್ಪತ್ರೆಯ ನಿರ್ದೇಶಕರ ಕಾಗದ ಅವಳ ಕೈಚೀಲದಲ್ಲಿತ್ತು. ಸೋಮವಾರದೊಳಗೆ ಅದರಲ್ಲಿ ಪಾಳಿ ತಪ್ಪಿಸುವ ಒಬ್ಬಳ ಹೆಸರು ತುಂಬಬೇಕು; ಒಬ್ಬಳ ಗುತ್ತಿಗೆ ನಿಂತರೆ ಉಳಿದವರು ತಾವಾಗಿ ದಾರಿಗೆ ಬರುತ್ತಾರೆ ಎಂಬುದು ಅವರ ಲೆಕ್ಕಾಚಾರ. ಎಡೆಲ್ಮಿರಾ ಹೆಸರನ್ನೂ ಯೋಚಿಸಿಟ್ಟಿದ್ದಳು: ನೆರಿ ಔಕ್ಕಪೋಮ. ಇವತ್ತು ಮಧ್ಯಾಹ್ನ ಒಂದರ ಪಾಳಿಗೆ ಬರಬೇಕಾದವಳು ಬೆಳಿಗ್ಗೆ ಏಳಕ್ಕೇ ಫೋನು ಮಾಡಿ, "ಹೊಟ್ಟೆ ಹಿಂಡ್ತಿದೆ ಮೇಡಂ" ಅಂದಿದ್ದಳು. ಅವಳ ದನಿಯ ಹಿಂದಿನಿಂದ ಗುದ್ದಲಿಯ ಸದ್ದು ಕೇಳಿಸಿತ್ತು.

ಎಡೆಲ್ಮಿರಾಗೆ ಅಂದು ರಜೆ. ಆದರೂ ಕೋಪ ನೆತ್ತಿಗೇರಿ, ಕಳ್ಳಿಯನ್ನು ಕೈಯಾರೆ ಹಿಡಿಯುತ್ತೇನೆಂದು ಬಿಳಿ ಬೂಟು ಮೆಟ್ಟಿ, ಊರಂಚಿನ ಗುಡ್ಡದ ಮೇಲಿನ ನೆರಿಯ ಬಡಾವಣೆಗೆ ಹೊರಟಳು. ಆಟೊ ಗುಡ್ಡದ ಅರ್ಧಕ್ಕೇ ಕೈಚೆಲ್ಲಿತು. ಆಗಸ್ಟಿನ ಜಿನುಗುವ ಮಂಜಿನಲ್ಲಿ, ಜಾರುವ ಮಣ್ಣಿನ ಮೇಲೆ ಏದುಸಿರು ಬಿಡುತ್ತ ಹತ್ತಿದಳು. ಬೈಗುಳಗಳೆಲ್ಲ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು.

ಮೇಲೆ ಐವತ್ತು ಜನ ಸೇರಿ ಕೊಳಾಯಿ ಪೈಪು ಹೂಳಲು ಉದ್ದಕ್ಕೆ ಕಾಲುವೆ ತೋಡುತ್ತಿದ್ದರು. ಅವಳನ್ನು ಕಂಡದ್ದೇ ತಡ, ಬಡಾವಣೆಯ ಅಧ್ಯಕ್ಷ ದೋನ್ ಫ್ಲಾವಿಯೋ ಟೋಪಿ ತೆಗೆದು ಓಡಿ ಬಂದ. ಪ್ಲಾಸ್ಟಿಕ್ ಕುರ್ಚಿ ಬಂತು, ನೇರಳೆ ಜೋಳದ ಪಾನಕ ಬಂತು. ಕುಳಿತು ಅರ್ಧ ಲೋಟ ಕುಡಿಯುವವರೆಗೂ ಅವಳಿಗೆ ಮಾತಾಡಲು ಉಸಿರೇ ಇರಲಿಲ್ಲ.

"ಬನ್ನಿ ಮದ್ರೀನಾ, ನಿಮ್ದೇ ದಾರಿ ನೋಡ್ತಿದ್ವಿ. ಪೈಪು ಎಷ್ಟು ಕೊಡಿಸ್ತೀರಿ ಅನ್ನೋದು ಆಮೇಲಿರ್ಲಿ, ಮೊದ್ಲು ಗಂಟಲು ಒದ್ದೆ ಮಾಡ್ಕೊಳ್ಳಿ."

ಆ ಗುಡ್ಡಗಳಲ್ಲಿ ಮಗುವಿನ ಮೊದಲ ಕ್ಷೌರಕ್ಕೂ ಒಬ್ಬ ಮದ್ರೀನಾ ಬೇಕು, ಮೆಟ್ಟಿಲಿಗೂ ಬೇಕು, ಕೊಳಾಯಿಗೂ ಬೇಕು. ಹೆಸರಿಗೆ ಧರ್ಮತಾಯಿ, ಕೆಲಸ ಮಾತ್ರ ಕೈ ಬಿಚ್ಚಿ ಕೊಡುವುದು. ದುಡಿಮೆಯ ದಿನ ಬಿಳಿ ಬೂಟು ಹಾಕಿಕೊಂಡು ಗುಡ್ಡ ಹತ್ತುವ ಹೆಂಗಸು ಮತ್ತಿನ್ಯಾರಾಗಿದ್ದಾಳು?

"ನಾನು ಮದ್ರೀನಾನೂ ಅಲ್ಲ, ಮಣ್ಣೂ ಅಲ್ಲ. ನೆರಿ ಎಲ್ಲಿ?"

ನೆರಿ ಅಲ್ಲೇ ಕಲ್ಲಿನ ಬುಟ್ಟಿ ಹೊತ್ತು ನಿಂತಿದ್ದಳು. ಬುಟ್ಟಿ ಕೆಳಗಿಳಿಸಿದಳು.

"ಹೊಟ್ಟೆನೋವಿಗೆ ಒಳ್ಳೇ ಔಷಧಿ ಕಂಡುಹಿಡಿದಿದ್ದೀಯ ಕಣೇ."

"ತಪ್ಪಾಯ್ತು ಮೇಡಂ. ಮನೆಗೊಬ್ರು ಬರ್ಲೇಬೇಕು ಇಲ್ಲಿ. ಮೂರು ಭಾನುವಾರ ತಪ್ಪಿದ್ರೆ ನಲ್ಲಿ ಪಕ್ಕದ ಮನೆಗೇ ನಿಂತುಬಿಡುತ್ತೆ. ಡ್ಯೂಟಿಗೆ ಬಂದು ಇಲ್ಲಿ ಆಗ್ಲೇ ಎರಡು ಸಲ ತಪ್ಪಿಸಿದ್ದೀನಿ. ಅಮ್ಮ ಲಕ್ವ ಹೊಡೆದು ಮಲಗಿದಾಳೆ, ದಿನಾ ಹಾಸಿಗೆ ಒಗೀಬೇಕು. ನೀರಿನ ಲಾರಿ ಕೆಳಗೇ ನಿಲ್ಲುತ್ತೆ."

"ರಜೆ ಕೇಳೋಕೆ ಬಾಯಿರ್ಲಿಲ್ವಾ?"

"ಕೇಳಿದ್ದೆ, ಜೂನ್‌ನಲ್ಲಿ. 'ಎಲ್ರಿಗೂ ಭಾನುವಾರನೇ ಬೇಕು, ರೋಗಿಗಳನ್ನ ಮನೆಗೆ ಕಳಿಸ್ಲಾ' ಅಂದ್ರಿ."

ಅಂದದ್ದು ನಿಜ. ಯಾಕೆ ಎಂದು ಕೇಳಿರಲಿಲ್ಲ. ರಜೆಯ ನಿಯಮದಲ್ಲಿ ಸಾವಿದೆ, ಹೆರಿಗೆಯಿದೆ, ಜ್ವರವಿದೆ, ಕಲ್ಲು ಹೊರುವುದಿಲ್ಲ. ಹೊಟ್ಟೆನೋವು ಅನ್ನದೆ ಈ ಹುಡುಗಿ ಇನ್ನೇನು ಅನ್ನಬೇಕಿತ್ತು? ಎಡೆಲ್ಮಿರಾಗೆ ಆ ಐವತ್ತು ಜನರ ಎದುರು ತುಂಬ ನಾಚಿಕೆಯಾಯಿತು. ಗಡಿಯಾರ ನೋಡಿದಳು. ಹನ್ನೊಂದಾಗಿತ್ತು.

"ದೋನ್ ಫ್ಲಾವಿಯೋ, ಇವಳ ಬದಲು ಬೇರೆಯವರು ಮಾಡಿದ್ರೆ?"

"ಆಗಲ್ಲ ತಾಯಿ, ಮನೆಯವರೇ ಆಗ್ಬೇಕು. ಇಲ್ದಿದ್ರೆ ಕಾಸಿರೋರು ಕೂಲಿಯವರನ್ನ ಕಳಿಸಿ ಗೊರಕೆ ಹೊಡೀತಾರೆ."

"ಮದ್ರೀನಾ ಮನೆಯವಳಲ್ವಾ?"

ಫ್ಲಾವಿಯೋ ಟೋಪಿ ಮತ್ತೆ ತಲೆಗೆ ಹಾಕಿಕೊಂಡ.

"ನೀವೇ ತಾನೆ ಕುರ್ಚಿ ಹಾಕಿ ಕೂರಿಸಿದ್ದು? ಪಾನಕಾನೂ ಕುಡಿಸಿದ್ರಿ. ಈ ಕೊಳಾಯಿ ಯಾವ್ಯಾವ ಮನೆಗೆ ಹೋಗುತ್ತೋ ಆ ಮನೆಗೆಲ್ಲ ಈಗ ನಾನು ಬಂಧು."

"ಹಾಗಾದ್ರೆ ಪೈಪು?"

"ಪೈಪು ಕೊಡಿಸೋ ಯೋಗ್ಯತೆ ನನಗಿಲ್ಲ. ಬೆನ್ನು ಕೊಡ್ತೀನಿ."

"ಗುದ್ದಲಿ ಕೊಡೋ ಫ್ಲಾವಿಯೋ!" ಕಾಲುವೆಯೊಳಗಿಂದ ಒಬ್ಬ ಮುದುಕಿ ಕೂಗಿದಳು. "ಇಷ್ಟು ವರ್ಷ ಬಂದ ಮದ್ರೀನಾಗಳು ಕೊಟ್ಟಿದ್ದು ಬರೀ ಭಾಷಣ." ಗುಡ್ಡವೆಲ್ಲ ನಕ್ಕಿತು. ಫ್ಲಾವಿಯೋ ಸೋತು ಗುದ್ದಲಿ ಚಾಚಿದ.

ನೆರಿಯ ಕಣ್ಣು ತುಂಬಿ ಬಂತು.

"ಅಳೋಕೆ ಹೊತ್ತಿಲ್ಲ, ಓಡು. ನಲವತ್ತು ರೋಗಿಗಳಿದ್ದಾರೆ. ಉಗುರಲ್ಲಿರೋ ಮಣ್ಣು ತೊಳ್ಕೊಂಡು ಹೋಗು."

ನಾಲ್ಕು ಗಂಟೆಗೆ ಹಾಜರಿ ಕೂಗುವ ಹೊತ್ತಿಗೆ ಎಡೆಲ್ಮಿರಾಳ ಸೊಂಟ ಅವಳ ಮಾತು ಕೇಳುತ್ತಿರಲಿಲ್ಲ. ಅಲ್ಲಿ ಹೆಸರು ಕೂಗುವುದಿಲ್ಲ, ಮನೆಯ ಸಂಖ್ಯೆ ಕೂಗುತ್ತಾರೆ.

"ಸಿ ಸಾಲು, ಹದಿನಾಲ್ಕು?"

"ಇದ್ದೀನಿ!" ಎಂದು ಎಡೆಲ್ಮಿರಾ ಗಟ್ಟಿಯಾಗಿ ಕೂಗಿದಳು. ಪಟ್ಟಿಯಲ್ಲಿ ನೆರಿಯ ಮನೆಯ ಸಂಖ್ಯೆಯ ಮುಂದೆ ಫ್ಲಾವಿಯೋ ಗುರುತು ಹಾಕಿದ್ದನ್ನು ಇಣುಕಿ ನೋಡಿ ಖಾತ್ರಿ ಮಾಡಿಕೊಂಡಳು.

"ಡಿ ಸಾಲು, ಮೂರು?"

ಸದ್ದಿಲ್ಲ. ಇನ್ನೊಮ್ಮೆ ಕೂಗಿದ. ಹಿಂದಿನ ಸಾಲಿನಲ್ಲಿ ಶಾಲು ಮುಸುಕೆಳೆದುಕೊಂಡ ಒಬ್ಬಳು ಕೊನೆಗೂ ಸಣ್ಣ ದನಿಯಲ್ಲಿ "ಇದ್ದೀನಿ" ಅಂದಳು. ಆ ದನಿ ಎಡೆಲ್ಮಿರಾಗೆ ಗೊತ್ತಿತ್ತು. ಹೊಟ್ಟೆನೋವೆಂದೇ ಬೆಳಗಿನ ಪಾಳಿ ತಪ್ಪಿಸಿದ್ದ ಇನ್ನೊಬ್ಬ ನರ್ಸು ಸೋಸಿಮಾ. ಐದು ಗಂಟೆ ಹೊತ್ತು ಅವಳ ಕಣ್ಣು ತಪ್ಪಿಸಿಕೊಂಡೇ ಕಲ್ಲು ಹೊತ್ತಿದ್ದಳು.

"ಸೋಸಿಮಾ, ಹೊಟ್ಟೆನೋವು ಹೇಗಿದೆಯಮ್ಮ?"

ಸೋಸಿಮಾ ಶಾಲನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

"ಮುಸುಕು ತೆಗಿ. ಈ ಕಾಯಿಲೆ ಇನ್ಯಾರ್ಯಾರಿಗಿದೆ? ಕೈ ಎತ್ತಿ, ನಾನೇನು ತಿನ್ನಲ್ಲ."

ಗುಂಪಿನಲ್ಲಿ ಅಲ್ಲೊಂದು ಇಲ್ಲೊಂದು, ಮೂರು ಕೈ ಮೇಲೆದ್ದವು.

"ಕಾಲುವೆ ಮುಗಿಯೋವರೆಗೆ ಭಾನುವಾರ ನಿಮಗೆ ರಜೆ. ಹಬ್ಬದ ದಿನ ಮಾತ್ರ ಒಬ್ಬಳೂ ನರಳಬಾರದು. ಒಪ್ಪಿಗೆನಾ?"

"ಕ್ರಿಸ್‌ಮಸ್ ದಿನಾನೂ ಡ್ಯೂಟಿಗೆ ಬರ್ತೀವಿ ಮೇಡಂ!"

ಎಡೆಲ್ಮಿರಾ ಕಲ್ಲಿನ ರಾಶಿಯ ಮೇಲೆ ಕುಳಿತು ಕೈಚೀಲದಿಂದ ಕಾಗದ ತೆಗೆದಳು. ನಾಳೆ ನಿರ್ದೇಶಕರು ಕೂಗಾಡುತ್ತಾರೆಂದು ಗೊತ್ತು; ಕೂಗಾಡಲಿ, ಅವರನ್ನೂ ಕೈಹಿಡಿದು ಈ ಗುಡ್ಡ ಹತ್ತಿಸಿದರಾಯಿತು. 'ಗೈರುಹಾಜರಿಗೆ ಹೊಣೆಯಾದವರ ಹೆಸರು' ಎಂದು ಅಚ್ಚಾಗಿದ್ದ ಕಡೆ ಒಂದು ಖಾಲಿ ಗೆರೆಯಿತ್ತು. ಫ್ಲಾವಿಯೋನ ಪೆನ್ನು ಇಸಿದುಕೊಂಡು, ಮಣ್ಣು ಮೆತ್ತಿದ ಕೈಯಲ್ಲೇ ಅಲ್ಲಿ 'ನೀರು' ಎಂದು ಬರೆದಳು.