ಮೇಷ್ಟ್ರ ಹೆಸರಿನ ಹನಿ

ಜವರಯ್ಯ ಉಂಗುರದ ಬೆರಳನ್ನು ಲೋಟದೊಳಗೆ ಅದ್ದಿ, ಮೂರು ಹನಿ ನೆಲಕ್ಕೆ ಚಿಮುಕಿಸಿ, “ಇದು ನಮ್ ಮೇಷ್ಟ್ರಿಗೆ” ಎಂದ.

ಅದೇ ಮೇಜಿನ ಎದುರು ಬದಿಯಲ್ಲಿ ಕುಳಿತಿದ್ದ ಸುಂದರೇಶನೇ ಆ ಮೇಷ್ಟ್ರು.

ಕುಡಿಯುವ ಮೊದಲು ಸತ್ತವರೊಬ್ಬರ ಹೆಸರು ಹೇಳಿ ಹನಿ ಬಿಡುವುದು ಈ ಬಾರಿನ ಪದ್ಧತಿ. ಅದನ್ನು ಮೊದಲು ಬರೆದಿಟ್ಟವನೂ ಸುಂದರೇಶನೇ. ಚಾಮರಾಜಪುರಂ ರೈಲು ನಿಲ್ದಾಣದ ಹಿಂದಿನ ಈ ಹೆಂಚಿನ ಬಾರಿಗೆ ಎಂಟು ವರ್ಷ, ಪ್ರತಿ ಬುಧವಾರ ಮಧ್ಯಾಹ್ನ, ರೆಕಾರ್ಡರ್ ಹಿಡಿದು ಬಂದು, ಬರೀ ಸೋಡಾ ಕುಡಿದು, ಜವರಯ್ಯನ ಬಾಯಿಂದ ಇನ್ನೂರ ಹನ್ನೊಂದು ಕತೆಗಳನ್ನು ಸಂಗ್ರಹಿಸಿದ್ದ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಆರು ತಿಂಗಳು ಬಂದಿರಲಿಲ್ಲ. ಈಗ ದಪ್ಪ ಕನ್ನಡಕವಿಲ್ಲ, ಮೀಸೆಯಿಲ್ಲ. ರೆಕಾರ್ಡರನ್ನೂ ಇಂದು ತಂದಿರಲಿಲ್ಲ.

ಒಳಗೆ ಕಾಲಿಟ್ಟಾಗ ಜವರಯ್ಯ ಬಾಯಿತುಂಬ ಕರೆದಿದ್ದ: “ಬನ್ನಿ ಸಾ, ಹೊಸಬ್ರಾ? ಕೂತ್ಕಳಿ. ಇಲ್ಲಿ ಯಾರೂ ಒಬ್ರೇ ಕುಡಿಯಂಗಿಲ್ಲ.” ತಮಾಷೆಯಿರಬೇಕೆಂದು ಸುಂದರೇಶ ನಕ್ಕು ಕುಳಿತಿದ್ದ.

ಈಗ ಆ ನಗು ತುಟಿಯ ಮೇಲೇ ಒಣಗಿತು.

“ಯಾವ ಮೇಷ್ಟ್ರು?”

“ಕೃಷ್ಣಮೂರ್ತಿಪುರದೋರು. ಕತೆ ಬರ್ಕಂಡೋಗೋರು. ತೀರ್ಕಂಡ್ಬುಟ್ರು,” ಎಂದ ಪಕ್ಕದ ಸಣ್ಣಮಾದಯ್ಯ, ಬೇಯಿಸಿದ ಕಡಲೆಕಾಯಿ ಸುಲಿಯುತ್ತ. “ಗೋಡೆ ಮ್ಯಾಲೆ ಶ್ರದ್ಧಾಂಜಲಿ ಪೋಟೋ ಅಂಟ್ಸಿದ್ರು. ನಾನೇ ಕಣ್ಣಾರೆ ನೋಡ್ದೆ.”

“ನಿನ್ ಕಣ್ಣೋ! ಮೊನ್ನೆ ಎಮ್ಮೆ ನೋಡಿ ಸ್ಕೂಟ್ರು ಅಂದೋನು ನೀನು,” ಎಂದ ಜವರಯ್ಯ.

“ಕನ್ನಡ್ಕ, ಮೀಸೆ, ಎರಡೂ ಅವ್ರದ್ದೇ ಕಣಯ್ಯ. ಇನ್ನೇನ್ ಬೇಕು?”

ಇನ್ನೇನೂ ಬೇಕಿರಲಿಲ್ಲ. ಜವರಯ್ಯ ಗಂಟಲು ಸರಿಮಾಡಿಕೊಂಡು ಹೊಸಬನತ್ತ ತಿರುಗಿದ.

“ಒಬ್ರು ಮೇಷ್ಟ್ರಿದ್ರಂತೆ, ಸಾ. ಎಲ್ರ ಕತೆನೂ ಕೇಳೋರಂತೆ. ತಮ್ದು ಅಂತ ಒಂದ್ ಮಾತೂ ಆಡ್ತಿರ್ಲಿಲ್ವಂತೆ. ಹೆಂಡ್ತಿ ಮಕ್ಳು ಇದ್ರೋ ಇಲ್ವೋ, ಯಾರ್ಗೂ ಗೊತ್ತಿಲ್ವಂತೆ.”

ಆ ‘ಅಂತೆ’ ಸುಂದರೇಶನ ಬೆನ್ನಿಗೆ ತಣ್ಣಗೆ ತಾಕಿತು. ತಾನು ಕಂಡವರನ್ನು ಜವರಯ್ಯ ‘ಇದ್ದ’ ಎನ್ನುತ್ತಾನೆ; ಕತೆಯವರನ್ನು ಮಾತ್ರ ‘ಇದ್ದನಂತೆ’ ಎನ್ನುತ್ತಾನೆ. ಈ ವ್ಯತ್ಯಾಸದ ಬಗ್ಗೆ ಸುಂದರೇಶ ಹದಿನಾಲ್ಕು ಪುಟಗಳ ಪ್ರಬಂಧವನ್ನೇ ಬರೆದಿದ್ದ. ಒಮ್ಮೆ ‘ಅಂತೆ’ಯೊಳಗೆ ಹೋದವರು ಮರಳಿ ಬಂದ ಉದಾಹರಣೆ ಅವನ ಸಂಗ್ರಹದಲ್ಲಿ ಒಂದೂ ಇರಲಿಲ್ಲ.

ನಾನೇ ಎಂದರೆ ಮುಗಿಯುತ್ತಿತ್ತು. ಆದರೆ ಹೇಳುವವನನ್ನು ನಡುವೆ ತಿದ್ದಬಾರದೆಂಬುದು ಅವನ ನಿಯಮ. ನಿಯಮದ ಹಿಂದೆ ಭಯ ಅಡಗಿತ್ತು: ಅವರು ಗುರುತು ಕೇಳಿದರೆ? ತನ್ನದೆಂದು ಹೇಳಲು ಏನಾದರೂ ಇದೆಯೇ ಎಂದು ಒಳಗೆಲ್ಲ ತಡಕಿದ. ಏಳನೆಯ ಸೊಸೆ ಸಿಕ್ಕಳು, ಮಾತಾಡುವ ನರಿ ಸಿಕ್ಕಿತು. ಎಲ್ಲವೂ ಜವರಯ್ಯನ ಕತೆಗಳವು.

“ಅವರು ಬದುಕಿರಬಹುದು,” ಎಂದ. ದನಿ ಬೇರೆಯವರದೆನಿಸಿತು.

“ಬದ್ಕಿದ್ರೆ ಬುಧವಾರ ಬರ್ತಿರ್ಲಿಲ್ವಾ ಸಾ?”

ಅಂದು ಬುಧವಾರ.

“ಪಾಪ, ಯಾರೂ ಇಲ್ದೋರು,” ಎಂದ ಜವರಯ್ಯ, ನಿಜವಾದ ಮರುಕದಿಂದ. “ಅಂಥೋರಿಗೆ ಯಾರ್ ಹನಿ ಬುಡ್ತಾರೆ? ಅದ್ಕೇ ನಾವೇ ಬುಡೋದು.” ಸುಂದರೇಶನ ಮುಂದಿದ್ದ ಲೋಟಕ್ಕೆ ರಮ್ ಬಗ್ಗಿಸಿ, ಅದನ್ನು ಅವನತ್ತ ಸರಿಸಿದ. “ಈಗ ನೀವು. ನಿಮ್ಮೋರು ಯಾರಾದ್ರೂ ಇರ್ತಾರಲ್ಲ, ಹೆಸ್ರೇಳಿ ಬುಡಿ.”

ಸುಂದರೇಶ ಬೆರಳನ್ನು ಅದ್ದಿ ಮೇಲೆತ್ತಿದ. ಅಪ್ಪನ ಹೆಸರು ಬರಬೇಕಿತ್ತು, ಅಮ್ಮನ ಹೆಸರು ಬರಬೇಕಿತ್ತು. ನಾಲಿಗೆಯ ತುದಿಗೆ ಬಂದು ನಿಂತದ್ದು ಒಂದೇ ಹೆಸರು, ತನ್ನದು. ಹಲ್ಲು ಕಚ್ಚಿ ಅದನ್ನು ತಡೆದ.

“ಯೋಳಿ ಸಾ,” ಎಂದ ಸಣ್ಣಮಾದಯ್ಯ, “ನಾಚ್ಕೆ ಏನು?”

ಇಬ್ಬರೂ ಅವನ ಮುಖವನ್ನಲ್ಲ, ನೆಲವನ್ನೇ ನೋಡುತ್ತ ಕಾದರು. ಬೆರಳ ತುದಿಯಲ್ಲಿ ಹನಿ ದಪ್ಪವಾಗುತ್ತಿತ್ತು.