ಮೆಣಸಿನಕಾಯಿಯ ಮೂರು ಹೆಸರು

ಮೂರು ಹೆಸರು ಕೊಂಡ ದಿನದಿಂದ ನನ್ನ ಗಂಡ ಅಂಬರೀಶ ನನ್ನನ್ನು ಗಾಳಿ ವ್ಯಾಪಾರಿ ಎಂದೇ ಕರೆಯುತ್ತಾನೆ. ಕರೆಯಲಿ! ಬೆಟಗೇರಿಯಲ್ಲಿ ನಮ್ಮದು ಒಣಮೆಣಸಿನಕಾಯಿ ಅಂಗಡಿ. ಮುಂಡರಗಿ ಕಡೆಯ ಕಾಯಿ ನಮ್ಮಿಂದ ಶ್ರೀಲಂಕಾ, ಇಂಡೋನೇಷ್ಯಾ, ವಿಯೆಟ್ನಾಂವರೆಗೂ ಹೋಗುತ್ತದೆ ಎಂದು ಈ ಗಂಡಸರು ಮೀಸೆ ತಿರುವುತ್ತಾರೆ. ಆ ದೇಶಗಳಲ್ಲಿ ಮೆಣಸಿನಕಾಯಿಗೆ ಏನನ್ನುತ್ತಾರೆ ಎಂದು ಒಬ್ಬನಾದರೂ ಕೇಳಿದ್ದಾನೆಯೇ? ನಾನು ಕೇಳಿದೆ. ಮೂರೂ ಭಾಷೆಯ ಆ ಹೆಸರಿಗೆ ಒಂದು ಡಾಟ್ ಹಾಕಿ, ಆಯಾ ದೇಶದ ಎರಡಕ್ಷರ ಸೇರಿಸಿ, ಇಂಟರ್ನೆಟ್ಟಿನ ವಿಳಾಸಗಳನ್ನಾಗಿ ಕೊಂಡುಬಿಟ್ಟೆ. ಅಲ್ಲಿ ಮೆಣಸಿನಕಾಯಿ ಮಾರಲು ಹೊರಟ ದೊಡ್ಡ ಕುಳ ಆ ಹೆಸರು ಕೊಳ್ಳಲು ನನ್ನ ಬಾಗಿಲಿಗೆ ಬರಲೇಬೇಕು.

ವರ್ಷವಾಗುತ್ತ ಬಂದರೂ ಒಂದು ನರಪಿಳ್ಳೆಯೂ ಬರಲಿಲ್ಲ.

"ಇವತ್ತ ಒಂದರೆ ಹೋತಂದ್ರ ಆತು. ಇಲ್ಲಂದ್ರ ಈ ಹುಚ್ಚಾಟ ಬಂದ್," ಎಂದ ಅಂಬರೀಶ, ಬೆಳಗ್ಗೆ ಶಟರ್ ಎತ್ತುತ್ತ. ಹೆಸರುಗಳ ವಾಯಿದೆ ಅಂದೇ ಮುಗಿಯುವುದಿತ್ತು. ಮತ್ತೆ ಹಣ ಕಟ್ಟದಿದ್ದರೆ ಮೂರೂ ಕೈಬಿಟ್ಟು ಹೋಗುತ್ತಿದ್ದವು.

ಅತ್ತೆ ಕಸ್ತೂರೆವ್ವ ಗಾದಿಯ ಮೇಲೆ ಕುಳಿತು ಊದಿನಕಡ್ಡಿ ಹಚ್ಚುತ್ತಿದ್ದರು. ಮಾವ ಹೋದಮೇಲೆ ಆ ಗಾದಿ ಅವರೊಬ್ಬರದೇ. ಮಗನಿಗೂ ಅಲ್ಲಿ ಜಾಗವಿಲ್ಲ. ಅಷ್ಟರಲ್ಲಿ ನನ್ನ ಫೋನು ಟಣ್ ಎಂದಿತು. ಸಿಂಗಪುರದ ಕಂಪನಿ! ಶ್ರೀಲಂಕಾದ ಹೆಸರು ಬೇಕಂತೆ! ನಿಂತಲ್ಲೇ ಕುಣಿದುಬಿಟ್ಟೆ.

"ಅತ್ತಿ, ಗಿರಾಕಿ ಬಂತ್ರಿ! ಆದ್ರ ಭಾಳ ಕಡಿಮಿ ಕೇಳ್ಯಾರ. ಜಗ್ಗಾಡಬೇಕು."

"ಖರೇನ? ಇವತ್ತಿನ್ನೂ ಬೋಣಿ ಆಗಿಲ್ಲ. ತಾ ಇಲ್ಲೆ!"

ಬಾಯಿ ತೆರೆಯುವಷ್ಟರಲ್ಲಿ ಫೋನು ಕಸಿದುಕೊಂಡು, ದಿನದ ಮೊದಲ ರೊಕ್ಕವನ್ನು ಒತ್ತಿಕೊಳ್ಳುವ ಹಾಗೆ ಎರಡೂ ಕಣ್ಣಿಗೆ ಒತ್ತಿಕೊಂಡರು. ಕೆಳಗಿಳಿಸಿದಾಗ ಅವರ ಹೆಬ್ಬೆರಳು ಹಸಿರು ಗುಂಡಿಯ ಮೇಲಿತ್ತು. 'ಒಪ್ಪಿದೆ' ಎಂದು ಹೋಗಿಯೇ ಬಿಟ್ಟಿತ್ತು.

"ಅಯ್ಯ, ಏನ ಮಾಡಿದ್ರಿ! ಬಂಗಾರದಂಥಾದ್ದ ಕವಡಿಗೆ ಕೊಟ್ರಲ್ರಿ!" ನನಗೆ ಅಳುವೇ ಬಂತು.

"ಬೋಣಿ ಗಿರಾಕಿನ್ನ ಬರಿಗೈಲೆ ಕಳಸಬಾರದವ್ವ," ಎಂದರು ಅತ್ತೆ, ತಣ್ಣಗೆ. ಅಂಬರೀಶ ತಕ್ಕಡಿ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದ. ಅವನನ್ನು ಹಸಿಹಸಿ ತಿಂದುಬಿಡುವಷ್ಟು ಸಿಟ್ಟು ಬಂತು ನನಗೆ.

ಅತ್ತೆಯ ಕೈಯಲ್ಲಿದ್ದ ಫೋನು ಮತ್ತೆ ಟಣ್ ಎಂದಿತು. ಅದೇ ಸಿಂಗಪುರದವರು. ಬಗ್ಗಿ ಓದಿದೆ. ನಂಬಿಕೆಯಾಗದೆ ಇನ್ನೊಮ್ಮೆ ಓದಿದೆ. ಬೇರೆಯವರು ತಿಂಗಳುಗಟ್ಟಲೆ ಸತಾಯಿಸುತ್ತಾರಂತೆ, ನಾವು ಮರುಮಾತಿಲ್ಲದೆ ಕೊಟ್ಟೆವಂತೆ. ಇಂಡೋನೇಷ್ಯಾ, ವಿಯೆಟ್ನಾಂನಲ್ಲೂ ಅವರ ವ್ಯಾಪಾರ ಶುರುವಾಗಲಿದೆ; ಅಲ್ಲಿಯ ಹೆಸರುಗಳೂ ನಮ್ಮಲ್ಲೇ ಇವೆಯೆಂದು ಈಗ ನೋಡಿದ್ದಾರೆ. ಇವತ್ತೇ ಮಾತಾಡಬಹುದೇ ಎಂದು ಕೇಳಿದ್ದರು!

ನಾನು ಚೀರಿದ ಚೀರಿಗೆ ಪಕ್ಕದಂಗಡಿಯವರೂ ಇಣುಕಿದರು. ಅಂಬರೀಶನ ನಗು ಅಲ್ಲೇ ನಿಂತಿತು. ತಕ್ಕಡಿ ಬಿಟ್ಟು ಓಡಿಬಂದ.

"ಜಲ್ದಿ ಕೊಟ್ಟಬಿಡು! ಎಷ್ಟ ಕೇಳ್ತಾರ ಅಷ್ಟಕ್ಕ ಕೊಡು!"

ಅತ್ತೆ ಅವನ ಕೈ ಸರಿಸಿ, ಫೋನು ನನ್ನ ಕೈಗಿಟ್ಟು, ಗಾದಿಯ ಮೇಲೆ ಪಕ್ಕಕ್ಕೆ ಸರಿದರು.

"ನೀ ಸುಮ್ನಿರಲೇ. ಬಾ ಶೈಲಾ, ಇಲ್ಲೆ ಕುಂಡ್ರು. ಬೋಣಿ ಆತು. ಇನ್ನ ಒಂದ ಪೈಸಾನೂ ಬಿಡಬ್ಯಾಡ."