‘ಹೋದ ಸಂಜೆ’ ಎಂಬ ಮಂತ್ರದ ವಿಚಾರಣೆ

೧

ಎಲ್ಲಿಂದ ಶುರುಮಾಡಲಿ? ಮೊದಲ ಕರಡಿನಲ್ಲಿ ಒಂದು ಡ್ರ್ಯಾಗನ್ನನ್ನು ತಂದು ಬಾಗಿಲಲ್ಲೇ ನಿಲ್ಲಿಸಿದ್ದೆ. ಅದು ಬೆಂಕಿ ಉಗುಳಿತು, ನನಗೆ ಆಕಳಿಕೆ ಬಂತು, ಹರಿದು ಹಾಕಿದೆ. ಎರಡನೆಯ ಕರಡು ಅಪ್ಪನ ಸಾವಿನಿಂದ ಆರಂಭವಾಗಿತ್ತು. ಓದುಗರ ಕಣ್ಣಲ್ಲಿ ನೀರು ತರಿಸಲು ಇಷ್ಟೊಂದು ಅವಸರವೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂದು ಅದನ್ನೂ ಕೈಬಿಟ್ಟೆ. ಈಗ ಊಟದ ಮೇಜಿನಿಂದ ಶುರುಮಾಡುತ್ತಿದ್ದೇನೆ. ಮೇಜಿನ ವಿಷಯದಲ್ಲಿ ಯಾರ ತಕರಾರೂ ಇರಲಾರದು.

(ಅಪ್ಪ ಸತ್ತ ವಿಷಯ ಆಗಲೇ ಬಾಯಿಬಿಟ್ಟೆನಲ್ಲ. ಹೋಗಲಿ, ಎಂದಾದರೂ ಹೇಳಲೇಬೇಕಿತ್ತು.)

೨

ಭಾನುವಾರ ಮಧ್ಯಾಹ್ನ. ಮೇಜಿನ ತುದಿಯಲ್ಲಿ ಅಕ್ಕ (ನನ್ನ ಅಕ್ಕ ಅಲ್ಲ, ಕತೆಯ ಅಕ್ಕ). ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ತಯಾರಿಸುವುದು ಅವಳ ಕೆಲಸ. ಎಡಕ್ಕೆ ತಮ್ಮ, ಬಸ್ ಡ್ರೈವರ್. ಬಲಕ್ಕೆ ತಮ್ಮನ ಗೆಳೆಯ, ಬ್ಯಾಂಕಿನಲ್ಲಿ ಕ್ಯಾಷಿಯರ್. ಈ ಮೇಜಿನಲ್ಲಿ ಆಡುವ ಆಟದಲ್ಲಿ ಬೀಗ ಒಡೆಯುವವನ ಪಾತ್ರ ಅವನದಾದ್ದರಿಂದ ಎಲ್ಲರಿಗೂ ಅವನು ‘ಕಳ್ಳ’. ಒಮ್ಮೆ ಬ್ಯಾಂಕಿಗೇ ಹೋದ ತಮ್ಮ ಕೌಂಟರಿನ ಮುಂದೆ "ಏ ಕಳ್ಳ" ಎಂದು ಕರೆದದ್ದಕ್ಕೆ ಸೆಕ್ಯುರಿಟಿಯವನು ಲಾಠಿ ಹಿಡಿದು ಎದ್ದು ನಿಂತಿದ್ದನಂತೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ಹೇಳಬೇಕು, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಬೇಕು. "ನಿಮ್ಮ ಮುಂದೆ ಕಬ್ಬಿಣದ ಬಾಗಿಲಿದೆ, ಏನು ಮಾಡ್ತೀರಿ?" ಎಂದು ಅಕ್ಕ ಕೇಳುತ್ತಾಳೆ. ಸರದಿ ಬಂದವರು ಏನು ಮಾಡುತ್ತೇವೆಂದು ಹೇಳಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಹೆಚ್ಚು ಬಿದ್ದರೆ ಕೆಲಸ ಆಯಿತು, ಕಡಿಮೆ ಬಿದ್ದರೆ ಇಲ್ಲ. ತಮ್ಮನದು ಮಾಂತ್ರಿಕನ ಪಾತ್ರ. ಪುಸ್ತಕದಲ್ಲಿದ್ದ ಮಂತ್ರಗಳು ಅವನಿಗೆ ಸಾಲದೆ ಸ್ವಂತ ಮಂತ್ರ ಹೊಸೆದು ತರುವ ಚಟ.

ನಾಲ್ಕನೆಯ ಕುರ್ಚಿ ಅಪ್ಪನದು. ಆಳು ಸಾಲದೆಂದು ಎಳೆದು ಕೂರಿಸಿ ಕೈಗೊಂದು ಕೊಡಲಿ ಕೊಟ್ಟು ಸೈನಿಕನನ್ನಾಗಿ ಮಾಡಿದ್ದರು. ನಿಯಮಗಳು ಅವರ ತಲೆಗೆ ಕೊನೆತನಕ ಹತ್ತಲಿಲ್ಲ. ಕನ್ನಡಕ ಒರೆಸಿಕೊಂಡು, ದಾಳವನ್ನು ಮುಷ್ಟಿಯಲ್ಲಿ ಕುಲುಕಿ ಕುಲುಕಿ, ಎಲ್ಲರ ಮುಖ ನೋಡಿ, "ಬಾಗಿಲು ಒಡೀತೀನಿ" ಎನ್ನುತ್ತಿದ್ದರು. ಬಾಗಿಲೇ ಇಲ್ಲದ ನಡುಗಾಡಿನಲ್ಲೂ ಅದೇ ಮಾತು. ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಂಥ ಭಾನುವಾರಗಳವು.

ಅಪ್ಪ ಹೋದ ಮೇಲೆ ಆಟವೂ ನಿಂತಿತು. ಮತ್ತೆ ಕೂತದ್ದು ಇವತ್ತೇ.

೩

ಮಂತ್ರವೊಂದು ಅತಿಯಾಯಿತೆಂದು ಗೊತ್ತಾಗುವುದು ಹೇಗೆ? ಎಷ್ಟು ರಾಕ್ಷಸರು ಸತ್ತರೆಂದು ಲೆಕ್ಕ ಹಾಕುವವರುಂಟು. ಅಕ್ಕನ ರೀತಿ ಬೇರೆ, ಅದು ಲ್ಯಾಬಿನಿಂದ ಬಂದದ್ದು. ಹಲ್ಲುಸೆಟ್ಟಿನಲ್ಲಿ ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೆ ಕಚ್ಚುವುದೆಲ್ಲ ಅದೊಂದೇ, ಉಳಿದವು ಬಾಯಲ್ಲಿ ಸುಮ್ಮನೆ ಕೂತಿರುತ್ತವೆ. ನೀಲಿ ಕಾಗದ ಇಟ್ಟು ಕಚ್ಚಿಸಿ, ಬಣ್ಣ ಹತ್ತಿದಲ್ಲಿ ಉಜ್ಜಿ ಸವೆಸಬೇಕು. ಮಂತ್ರಕ್ಕೂ ಅದೇ ಪರೀಕ್ಷೆ: ಇದು ಬಂದರೆ ಮೇಜಿನಲ್ಲಿ ಕೆಲಸವಿಲ್ಲದೆ ಕೂರುವವರು ಯಾರು? ಯಾರ ಕೆಲಸ ಹೋಗುತ್ತದೋ ಅವರೇ ಜಡ್ಜ್, ಬೆಲೆ ಕಟ್ಟುವವರೂ ಅವರೇ.

ಬೀಗ ತೆರೆಯುವ ಮಂತ್ರವನ್ನು ತಮ್ಮ ತಂದಾಗ ಕಳ್ಳ ಜಡ್ಜ್ ಆದ. "ಹಾಗಾದ್ರೆ ನಾನು ಮನೆಗೆ ಹೋಗ್ಲಾ?" ಎಂದು ಮುಖ ಊದಿಸಿಕೊಂಡು, ಮಂತ್ರ ಹಾಕಿದ ಮಾಂತ್ರಿಕನಿಗೆ ಮರುದಿನದವರೆಗೆ ಬೆರಳು ಮಡಚಲು ಬರಬಾರದೆಂದು ಬೆಲೆ ಕಟ್ಟಿದ. ಬಾಗಿಲು ಕರಗಿಸುವ ಮಂತ್ರ ಬಂದಾಗ ಜಡ್ಜ್ ಅಪ್ಪ. "ಇರಲಿ ಬಿಡಮ್ಮ, ಅವನು ಕರಗಿಸ್ಲಿ. ಅಷ್ಟರೊಳಗೆ ನಾನು ಒಡೆದಿರ್ತೀನಿ" ಎಂದರು.

೪

ಇವತ್ತು ತಮ್ಮ ತಂದ ಮಂತ್ರದ ಹೆಸರು ‘ಹೋದ ಸಂಜೆ’. ಇದನ್ನು ಹೇಳಿದರೆ ಎಲ್ಲರೂ ಹಿಂದೆ ಆಡಿದ ಯಾವುದೋ ಒಂದು ಸಂಜೆಗೆ ಮರಳಬಹುದು. ಅಲ್ಲಿ ಯಾರಿದ್ದರೋ ಅವರೆಲ್ಲ ಇರುತ್ತಾರೆ. ಬೆಲೆ ಏನೂ ಇಲ್ಲ.

"ಯಾವ ಸಂಜೆಗೆ ಹೋಗ್ಬೇಕು?" ಅಕ್ಕ ಕೇಳಿದಳು, ಗೊತ್ತಿದ್ದೂ.

"ಸೇತುವೆ ಸಂಜೆಗೆ."

ಕಥೆಯಲ್ಲಿ ಸೇತುವೆ ದಾಟಬೇಕಾಗಿದ್ದ, ಅಪ್ಪ ಆಡಿದ ಕೊನೆಯ ಸಂಜೆ ಅದು. ಕರೆಂಟ್ ಹೋಗಿ ಟಾರ್ಚ್ ನಿಲ್ಲಿಸಿಕೊಂಡು ಆಡಿದ್ದರು. ದಾಳ ಕೆಳಗೆ ಬಿತ್ತೆಂದು ಅಪ್ಪ ಮಂಡಿಯೂರಿ ಮೇಜಿನಡಿ ಹೊಕ್ಕು, ಆ ಕತ್ತಲೆಯಿಂದಲೇ "ಇಪ್ಪತ್ತು ಬಿದ್ದಿದೆ ಕಣ್ರೋ" ಎಂದು ಹಸಿಸುಳ್ಳು ಹೇಳಿದ್ದರು. ಅಕ್ಕನಿಗೂ ಆ ಸಂಜೆ ಬೇಕಿತ್ತು.

"ಅಪ್ಪನ ಮಾತು ಯಾರು ಆಡ್ತಾರೆ?"

"ನೀನೇ. ರಾಕ್ಷಸನ ಮಾತು, ರಾಜನ ಮಾತು, ಎಲ್ಲ ನೀನೇ ತಾನೆ ಆಡೋದು?"

"ಅಪ್ಪನೂ ರಾಕ್ಷಸನೂ ಒಂದೇನೋ ನಿನಗೆ?"

"ಪಾಸ್ ಮಾಡಲ್ಲ ಅಂದ್ರೆ ಈಗಲೇ ಹೇಳಿಬಿಡಕ್ಕ. ನಾನಿನ್ನು ಈ ಮೇಜಿಗೆ ಬರಲ್ಲ." ಕುರ್ಚಿ ಹಿಂದಕ್ಕೆ ಸರಿಸಿದ ತಮ್ಮ. ಬರೀ ಬೆದರಿಕೆಯಲ್ಲ ಅದು, ಅಕ್ಕನಿಗೆ ಗೊತ್ತು. ಅಪ್ಪ ಹೋದಾಗ ಹನಿ ಕಣ್ಣೀರು ಹಾಕದವನು ಅವನು. ಮಾರನೆಯ ದಿನವೇ ಡ್ಯೂಟಿಗೆಂದು ಬಸ್ಸು ಹತ್ತಿದ್ದ.

೫

ಮೊದಲನೆಯ ಮುಕ್ತಾಯ: ಅಕ್ಕ ಮಂತ್ರವನ್ನು ಪಾಸ್ ಮಾಡುತ್ತಾಳೆ, ಗಂಟಲು ಒರಟಾಗಿಸಿ ಅಪ್ಪನಂತೆ ಮಾತಾಡುತ್ತಾಳೆ, ಎಲ್ಲರೂ ನಗುತ್ತಾ ಅಳುತ್ತಾರೆ. (ಒಂದು ಪುಟ ಬರೆದೆ. ಚೆನ್ನಾಗಿಯೇ ಬಂದಿತ್ತು. ಅದಕ್ಕೇ ಅನುಮಾನ ಬಂತು.)

ಎರಡನೆಯದು: ಬೇಡ ಎನ್ನುತ್ತಾಳೆ, ಚಪ್ಪಲಿ ಮೆಟ್ಟಿ ತಮ್ಮ ಹೋಗುತ್ತಾನೆ, ಮೇಜು ಬರೀ ಊಟದ ಮೇಜಾಗಿ ಉಳಿಯುತ್ತದೆ. ಇದನ್ನು ಬರೆಯುವಾಗ ಕಳ್ಳ ತಲೆ ಎತ್ತಿ, "ಇಷ್ಟು ಹೊತ್ತಿನಿಂದ ಕೂತಿದೀನಿ, ಈ ಸೀನಲ್ಲಿ ನಂಗೆ ಒಂದು ಡೈಲಾಗೂ ಇಲ್ವಾ?" ಎಂದು ಕೇಳಿದ. ತಾಳಪ್ಪ, ಕೊಡುತ್ತೇನೆ.

ಅಕ್ಕ ತಕರಾರು ತೆಗೆದದ್ದು ಮೊದಲನೆಯದಕ್ಕೆ. "ಒಂದು ಪುಟದ ತುಂಬ ಅಪ್ಪನ ಕೈಲಿ ಮಾತಾಡಿಸಿದೀಯಲ್ಲ, ಯಾರನ್ನ ಕೇಳಿ?"

"ಕತೆ ಅಂದ್ರೆ ಹಾಗೇ ಅಲ್ವೇನಮ್ಮ," ಎಂದೆ.

"ಅವರು ಆಡೋ ಮಾತನ್ನೂ ನೀನೇ ಆಡಿಬಿಟ್ರೆ ಅವರು ಕೂತು ಏನು ಮಾಡ್ಬೇಕು?"

ಆ ಪುಟವನ್ನು ಹೊಡೆದುಹಾಕಿದೆ.

೬

"ಈ ಮಂತ್ರ ಕಸ್ಕೊಳ್ಳೋದು ಅಪ್ಪನ ಕೆಲಸಾನ. ಜಡ್ಜ್ ಅವರೇ ಆಗ್ಬೇಕು," ಎಂದಳು ಅಕ್ಕ.

"ಅವರೆಲ್ಲಿದಾರೆ?" ತಮ್ಮ ಕೇಳಿದ.

ಕಳ್ಳ ಗಂಟಲು ಸರಿಮಾಡಿಕೊಂಡ. "ಅವರು ನಿನ್ನ ಯಾವ ಮಂತ್ರಾನೂ ಬೇಡ ಅಂದಿಲ್ಲ ಕಣೋ."

ಅಕ್ಕ ಆ ಖಾಲಿ ಕುರ್ಚಿಯನ್ನು ನೋಡಿದಳು. ಆಮೇಲೆ ಹೇಳಿದಳು: "ಪಾಸ್. ಆದ್ರೆ ಬೆಲೆ ಇದೆ. ಆ ಸಂಜೆಗೆ ಹೋಗೋಣ. ಅಪ್ಪನ ಸರದಿ ಬಂದಾಗ ಅವರ ಮಾತನ್ನ ಯಾರೂ ಆಡೋ ಹಾಗಿಲ್ಲ. ನಾನೂ ಆಡಲ್ಲ. ಕಾಯೋದು."

"ಅಷ್ಟೇನಾ?" ತಮ್ಮನ ಮುಖ ಅರಳಿತು. "ಸರಿ."

ಆಟ ಶುರುವಾಯಿತು. ಅದೇ ಸೇತುವೆ, ಕೆಳಗೆ ಹೊಳೆ, ಆಚೆ ದಡದಲ್ಲಿ ಕಾವಲುಗಾರರು. ಮಾಂತ್ರಿಕ ಮಂಜು ಕವಿಸಿದ. ಕಳ್ಳ ಹಗ್ಗ ಬಿಚ್ಚಿದ. ಅಕ್ಕ ನಾಲ್ಕನೆಯ ಕುರ್ಚಿಯತ್ತ ತಿರುಗಿ, "ಅಪ್ಪ, ನಿಮ್ಮ ಸರದಿ" ಎಂದಳು.

ಫ್ರಿಜ್ಜಿನ ಸದ್ದು ಕೇಳಿಸುತ್ತಿತ್ತು. ತಮ್ಮ ಮೊದಲು ಮುಗುಳ್ನಕ್ಕ, ಆಮೇಲೆ ಮೇಜು ನೋಡಿದ, ಕಿಟಕಿ ನೋಡಿದ.

"ಅಕ್ಕ, ಸಾಕು. ಮುಂದಕ್ಕೆ ಹೋಗೋಣ."

"ಸರದಿ ಮುಗೀತು ಅಂತ ಯಾರ ಸರದಿಯೋ ಅವರೇ ಹೇಳ್ಬೇಕು ಕಣೋ."

ತಮ್ಮ ಆಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟು ದಿನ ತಡೆದಿಟ್ಟದ್ದೆಲ್ಲ ಒಮ್ಮೆಲೇ ಬಂತು. ಕಳ್ಳ ಎದ್ದು ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟ. ಅಕ್ಕನ ಕೆನ್ನೆಯೂ ಒದ್ದೆಯಾಗಿತ್ತು. ಆದರೂ ಅವಳು ಕುರ್ಚಿಯಿಂದ ಕಣ್ಣು ತೆಗೆಯಲಿಲ್ಲ.

ಮುಂದೇನು ಎಂದು ಕೇಳುತ್ತೀರಿ. ನನ್ನ ಹತ್ತಿರ ಒಂದು ಒಳ್ಳೆಯ ಸಾಲು ತಯಾರಿದೆ, ಓದಿದರೆ ನೀವು ಮೆಚ್ಚುತ್ತೀರಿ. ಆದರೆ ಇದು ನನ್ನ ಸರದಿಯಲ್ಲ, ನಿಮ್ಮದೂ ಅಲ್ಲ. ತಮ್ಮ ಇನ್ನೂ ಬಿಕ್ಕುತ್ತಿದ್ದಾನೆ. ಅಕ್ಕ ದಾಳವನ್ನು ಖಾಲಿ ಕುರ್ಚಿಯ ಮುಂದಕ್ಕೆ ಸರಿಸಿದ್ದಾಳೆ. ನಾವೆಲ್ಲ ಕಾಯುತ್ತಿದ್ದೇವೆ.